ಪರದೇಶದಲ್ಲಿ ಸಾರಥ್ಯ

ನಮ್ಮ ರಾವಂದೂರಿನಂಥ ಊರಿನಲ್ಲಿಯೂ ಈಗ ಮಕ್ಕಳನ್ನು ಸಮುದ್ರದಾಚೆಗೆ ಕಳುಹಿಸಿದ ಮನೆಗಳುಂಟು. ಅವರು ಹೊರಡುವಾಗ ತಾಯಿಯಾದವಳು ಚಟ್ನಿಪುಡಿ, ಹುಳಿಪುಡಿಗಳನ್ನು ಕಟ್ಟಿಕೊಡುತ್ತಾಳೆ. ತಂದೆಯಾದವನು ಪದವಿಪತ್ರಗಳನ್ನು ಜೋಡಿಸಿಕೊಡುತ್ತಾನೆ. ಮೋಟಾರು ನಡೆಸುವ ಲೈಸೆನ್ಸಿನ ಸಂಗತಿಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಇಲ್ಲಿ ಓಡಿಸಿದವರು ಅಲ್ಲಿ ಓಡಿಸಲಾರರೇ ಎಂಬುದು ಎಲ್ಲರ ಎಣಿಕೆ. ನಮ್ಮ ಎಣಿಕೆಯೂ ಅದೇ ಆಗಿದ್ದಿತು. ಅದು ಎಲ್ಲಿ ತಪ್ಪಿತೆಂಬುದನ್ನು, ನಮ್ಮ ಮನೆಯಲ್ಲಿ ನಡೆದುದನ್ನೇ ಮುಂದಿಟ್ಟುಕೊಂಡು, ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಮಗಳು ಮದುವೆಗೆ ಮುಂಚೆಯೇ ಹುಣಸೂರಿನಲ್ಲಿ ಕಾರು ನಡೆಸುವುದನ್ನು ಕಲಿತಳು. ನಮ್ಮ ಪಿರಿಯಾಪಟ್ಟಣದ ಸೀಮೆಯವರಿಗೆ ಸಾರಿಗೆ ಕಚೇರಿ ಇರುವುದು ಅಲ್ಲಿಯೇ. ಅಲ್ಲಿ ದಾಖಲಾದ ಬಂಡಿಗಳ ಸಂಖ್ಯೆ ಕೆಎ-45 ಎಂದು ಮೊದಲಾಗುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಮೊದಲು ಕಲಿಯುವವರ ಲೈಸೆನ್ಸು ದೊರೆಯುತ್ತದೆ. ಅದರ ಅವಧಿ ಆರು ತಿಂಗಳು. 30 ದಿನಗಳು ಕಳೆದ ಮೇಲೆ ಬಂಡಿಯನ್ನು ನಡೆಸಿ ತೋರಿಸತಕ್ಕದ್ದು. ಈ ಕಾರ್ಯಕ್ಕಾಗಿ ಸರ್ಕಾರದವರು ಏರ್ಪಡಿಸಿರುವ ಗಣಕ ವ್ಯವಸ್ಥೆಗೆ ‘ಸಾರಥಿ’ ಎಂದು ಹೆಸರಿಟ್ಟಿದ್ದಾರೆ. ಸಂಸ್ಕೃತವನ್ನು ಓದಿದ ನಮಗೆ ಅದನ್ನು ಕೇಳಿ ಸಂತೋಷವಾಯಿತು. ರಥಿಕನಿಗಿಂತ ಸಾರಥಿಯ ಹೊಣೆ ಕಿರಿದಲ್ಲವೆಂಬುದನ್ನು ಭಾರತವನ್ನು ಕೇಳಿದವರೆಲ್ಲರೂ ಬಲ್ಲರಷ್ಟೆ.

ಮಗಳು ಮೊದಲನೆಯ ಸಲವೇ ತೇರ್ಗಡೆಯಾದಳು. ಮುಂದೆ ಹಲವು ವರ್ಷ ಈ ಸೀಮೆಯ ರಸ್ತೆಗಳಲ್ಲಿ ಬಂಡಿಯನ್ನು ನಡೆಸಿದಳು. ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹೇರಿಕೊಂಡು ದೀಪವಿಲ್ಲದೆ ಬರುವ ಟ್ರ್ಯಾಕ್ಟರು, ರಸ್ತೆಯ ಮೇಲೆಯೇ ಒಕ್ಕಣೆಗೆ ಹರಡಿದ ಹುರುಳಿ, ತಿರುವಿನಲ್ಲಿ ಮೆಲುಕು ಹಾಕುತ್ತ ಮಲಗಿದ ಎಮ್ಮೆ, ಇವೆಲ್ಲವನ್ನೂ ನಿಭಾಯಿಸಿದವಳಿಗೆ ಇಂಗ್ಲೆಂಡಿನ ನುಣುಪಾದ ರಸ್ತೆ ಒಂದು ಲೆಕ್ಕವೇ ಎಂದು ನಾವು ಹೆಮ್ಮೆಪಟ್ಟುಕೊಂಡೆವು. ಅಳಿಯನ ಉದ್ಯೋಗದ ನಿಮಿತ್ತ ಅವಳೂ ಕೂಸೂ ಆ ದೇಶಕ್ಕೆ ಹೊರಟುಹೋದರು.

ಅಲ್ಲಿನ ಕಟ್ಟಳೆ ಹೀಗಿದೆ. ನಮ್ಮ ದೇಶದ ಲೈಸೆನ್ಸುಳ್ಳವರು ಅಲ್ಲಿ ನೆಲಸಿದ ದಿನದಿಂದ ಹನ್ನೆರಡು ತಿಂಗಳು ಅದರಿಂದಲೇ ಕಾರು ನಡೆಸಬಹುದು. ಆಮೇಲೆ ಅದು ಅಲ್ಲಿ ನಡೆಯದು. ಜಪಾನು, ಆಸ್ಟ್ರೇಲಿಯ, ಸಿಂಗಪುರ ಮುಂತಾದ ಕೆಲವು ದೇಶಗಳ ಲೈಸೆನ್ಸನ್ನು ಕೊಟ್ಟು ಅಲ್ಲಿಯದನ್ನು ಪಡೆಯಬಹುದು. ಆ ಪಟ್ಟಿಯಲ್ಲಿ ಭಾರತವಿಲ್ಲ. ಆದ ಕಾರಣ ನಮ್ಮವರು ಮೊದಲಿನಿಂದ ಪರೀಕ್ಷೆ ಕೊಡಬೇಕು. ಮೊದಲನೆಯದು ಪ್ರಶ್ನೆಗಳ ಪರೀಕ್ಷೆ: 50 ಪ್ರಶ್ನೆಗಳಲ್ಲಿ 43ಕ್ಕೆ ಸರಿಯುತ್ತರ ಬರಬೇಕು. ಅದರೊಡನೆ ರಸ್ತೆಯ 14 ಚಲಚ್ಚಿತ್ರದ ತುಣುಕುಗಳನ್ನು ತೋರಿಸುತ್ತಾರೆ. ಅಪಾಯವು ಮೊಳೆಯುವಾಗಲೇ ಅದನ್ನು ಕಂಡುಹಿಡಿದು ಗುಂಡಿಯನ್ನೊತ್ತಬೇಕು. ಇವೆರಡರಲ್ಲಿ ಗೆದ್ದವರಿಗೆ ರಸ್ತೆಯ ಮೇಲೆ ಸುಮಾರು 40 ನಿಮಿಷಗಳ ಪರೀಕ್ಷೆ. ಸಣ್ಣ ತಪ್ಪುಗಳು 15ರವರೆಗೆ ಕ್ಷಮ್ಯ. ಘೋರವಾದ ತಪ್ಪು ಒಂದಾದರೂ ಅನುತ್ತೀರ್ಣ.

ಮಗಳು ಪ್ರಶ್ನೆಗಳ ಪರೀಕ್ಷೆಯನ್ನು ಸುಲಭವಾಗಿಯೇ ದಾಟಿದಳು. ರಸ್ತೆಯ ಪರೀಕ್ಷೆಗೆ ಹೋದದ್ದು ಹನ್ನೊಂದನೆಯ ತಿಂಗಳಿನಲ್ಲಿ. ಎಡಕ್ಕೆ ತಿರುಗುವಾಗ ಎಡಗಡೆಯ ಕನ್ನಡಿಯನ್ನು ನೋಡಲಿಲ್ಲ, ಪಕ್ಕದಲ್ಲಿ ಸೈಕಲ್ಲಿನವನೊಬ್ಬನಿದ್ದ. ಪರೀಕ್ಷಕರು ತಾವೇ ತಡೆಯೊತ್ತಿ ನಿಲ್ಲಿಸಿದರು. ಯಾರಿಗೂ ಪೆಟ್ಟಾಗಲಿಲ್ಲ, ಪರೀಕ್ಷೆ ಮಾತ್ರ ಹೋಯಿತು. ಮುಂದಿನ ಪರೀಕ್ಷೆಯ ಸರದಿ ಬರುವುದರೊಳಗೆ ಹನ್ನೆರಡು ತಿಂಗಳೂ ತುಂಬಿಬಿಟ್ಟವು.

ಅದು ಅಲ್ಲಿ ಚಳಿಗಾಲ. ಅಳಿಯನಿಗೆ ರಾತ್ರಿಯ ಪಾಳಿಯ ಕೆಲಸ. ಕೂಸಿಗೆ ಪದೇ ಪದೇ ಉಬ್ಬಸ. ವೈದ್ಯರಿಗೆ ತೋರಿಸಬೇಕಾದರೆ ಎರಡು ಬಸ್ಸುಗಳನ್ನು ಬದಲಿಸಬೇಕು. ಬಾಗಿಲಲ್ಲಿ ಕಾರು ಸುಮ್ಮನೆ ನಿಂತಿದೆ. ಈ ಸಮಾಚಾರವನ್ನು ದೂರವಾಣಿಯಲ್ಲಿ ಕೇಳಿ ನಮಗೆ ತಡೆಯಲಾಗಲಿಲ್ಲ. “ನಿನ್ನ ಹುಣಸೂರಿನ ಲೈಸೆನ್ಸಿಗೆ ಇನ್ನೂ ಎಷ್ಟೋ ವರ್ಷ ಅವಧಿ ಇದೆಯಲ್ಲವೇ? ಅದನ್ನೇ ಇಟ್ಟುಕೊಂಡು ಓಡಿಸು. ಕೇಳುವವರು ಯಾರು?” ಎಂದುಬಿಟ್ಟೆವು. ರಾವಂದೂರಿನ ಜಗಲಿಯ ಮೇಲೆ ಕುಳಿತು ಇಂಗ್ಲೆಂಡಿನ ರಸ್ತೆಗೆ ಧೈರ್ಯ ಹೇಳಿದೆವು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಸುಳ್ಳಲ್ಲ.

ಮಗಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಅಪ್ಪಾಜಿ, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರು ಏನು ಹೇಳ್ತಿದ್ರು ಅಂತ ನೀವೇ ಮನೇಲಿ ಹೇಳ್ತಿದ್ರಿ. ಉತ್ತರ ನಂಗೆ ಗೊತ್ತಿತ್ತು ಮೇಷ್ಟ್ರೇ, ಸುಮ್ಮನೆ ನೋಡಿದೆ ಅಂತ. ನೀವು ಈಗ ಹೇಳಿದ್ದೂ ಅದೇ ಅಲ್ವೇ?” ಎಂದಳು. ಲೈಸೆನ್ಸಿಲ್ಲದೆ ನಡೆಸಿದರೆ ವಿಮೆಯೂ ಅನೂರ್ಜಿತವಾಗುವುದೆಂದೂ, ಪೊಲೀಸಿನವರು ಕಾರನ್ನು ಜಪ್ತಿ ಮಾಡಬಹುದೆಂದೂ ತಿಳಿಸಿದಳು. ಕಡೆಗೆ ಮೆಲ್ಲನೆ, “ಆ ಸೈಕಲ್ಲಿನವನೂ ಯಾರ ಮಗನೋ, ಅಪ್ಪಾಜಿ” ಎಂದಳು.

ದಶಕಗಳ ಕಾಲ ಪರೀಕ್ಷೆಯ ಕೊಠಡಿಗಳಲ್ಲಿ ಕಾವಲು ನಿಂತ ನಾವು ಆ ರಾತ್ರಿ ನಿದ್ದೆ ಮಾಡಲಿಲ್ಲ. ಲೈಸೆನ್ಸೆಂಬುದನ್ನು ನಾವು ಆಸ್ತಿಪತ್ರದಂತೆ ಭಾವಿಸಿದ್ದೆವು. ಒಮ್ಮೆ ಕೈಗೆ ಬಂದರೆ ಎಲ್ಲಿ ಹೋದರೂ ನಮ್ಮದೇ ಎಂದು. ಇಂಗ್ಲೆಂಡಿನವರೂ ಮೊದಲು ಹಾಗೆಯೇ ಇದ್ದರು. 1903ರ ಕಾಯಿದೆಯಿಂದ ಅಲ್ಲಿ ಲೈಸೆನ್ಸು ಬಂದಾಗ ಹಣ ಕಟ್ಟಿದವರಿಗೆಲ್ಲ ಅದು ದೊರೆಯುತ್ತಿದ್ದಿತು. ಪರೀಕ್ಷೆ ಕಡ್ಡಾಯವಾದದ್ದು 1935ರಲ್ಲಿ. ನಡುವಣ ಕಾಲದಲ್ಲಿ ರಸ್ತೆಯಲ್ಲಿ ಸತ್ತವರನ್ನು ಕಂಡ ಮೇಲೆಯೇ ಅವರಿಗೆ ಬುದ್ಧಿ ಬಂದಿತು. ಲೈಸೆನ್ಸು ನಮ್ಮ ಸಾಮರ್ಥ್ಯಕ್ಕೆ ಸಿಕ್ಕಿದ ಬಿರುದಲ್ಲ; ದಾರಿಯಲ್ಲಿ ಎದುರಾಗುವ ಅಪರಿಚಿತನಿಗೆ ನಾವು ಕೊಟ್ಟ ಭಾಷೆ. ಆ ಭಾಷೆಯನ್ನು ಆಯಾ ದೇಶದವರಿಗೆ ಅವರ ರೀತಿಯಲ್ಲಿಯೇ ಕೊಡಬೇಕು.

ರೀತಿ ಬೇರೆಯೆಂಬುದಕ್ಕೆ ಒಂದು ದೃಷ್ಟಾಂತ. ನಾವೂ ಇಂಗ್ಲೆಂಡಿನವರೂ ರಸ್ತೆಯ ಎಡಗಡೆ ನಡೆಸುವವರು. ಮೈಸೂರಿನ ಕೃಷ್ಣರಾಜ ವೃತ್ತವನ್ನು ಸುತ್ತುವ ಬಂಡಿಗಳನ್ನು ನೋಡಿರಿ: ನಡುವಣ ಮಂಟಪ ಬಲಕ್ಕೇ ಇರುತ್ತದೆ, ಅಂದರೆ ಅದು ಪ್ರದಕ್ಷಿಣೆಯೇ ಸರಿ. ಅಮೆರಿಕ, ಜರ್ಮನಿಗಳಲ್ಲಿ ಬಲಗಡೆ ನಡೆಸುತ್ತಾರೆ. ಅಲ್ಲಿ ವೃತ್ತವನ್ನು ಅಪ್ರದಕ್ಷಿಣವಾಗಿ ಸುತ್ತಬೇಕು. ಸ್ವೀಡನ್ ದೇಶದವರು 1967ರ ಸೆಪ್ಟೆಂಬರ್ 3ರಂದು ಇಡೀ ದೇಶವೇ ಒಮ್ಮೆಗೆ ಎಡದಿಂದ ಬಲಕ್ಕೆ ಬದಲಾಯಿಸಿದರು. ಇನ್ನು ಹಾರನ್ನಿನ ಸಂಗತಿ: ನಮ್ಮಲ್ಲಿ ಅದನ್ನೊತ್ತುವುದು ಸೌಜನ್ಯ, ಇಂಗ್ಲೆಂಡಿನ ಊರುಗಳೊಳಗೆ ರಾತ್ರಿ ಹನ್ನೊಂದೂವರೆಯಿಂದ ಬೆಳಗ್ಗೆ ಏಳರವರೆಗೆ ಅದು ನಿಷಿದ್ಧ, ಅಪಾಯದಿಂದ ಎಚ್ಚರಿಸುವುದಕ್ಕೆ ಮಾತ್ರ ವಿನಾಯಿತಿ. ಕಲಿಯುವುದಕ್ಕಿಂತ ಕಲಿತದ್ದನ್ನು ಬಿಡುವುದೇ ಕಷ್ಟವೆಂದು ಮಗಳು ಹೇಳುತ್ತಿದ್ದಳು.

ಅವಳು ಆ ಚಳಿಗಾಲವನ್ನು ಬಸ್ಸಿನಲ್ಲಿಯೇ ಕಳೆದಳು. ಕಾರಿಗೆ ಬಿಳಿಯ ಫಲಕದ ಮೇಲಿನ ಕೆಂಪು ‘ಎಲ್’ ಅಕ್ಷರವನ್ನು ಅಂಟಿಸಿ, ಅಲ್ಲಿಯ ಶಿಕ್ಷಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಸಬಳಂತೆ ಪಾಠ ಹೇಳಿಸಿಕೊಂಡಳು. ಎರಡನೆಯ ಪರೀಕ್ಷೆಯಲ್ಲಿ ಗೆದ್ದಳು. ಸುದ್ದಿ ಬಂದ ದಿನ ನಮ್ಮ ಮನೆಯಾಕೆ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಮಕ್ಕಳನ್ನು ಕಳುಹಿಸುವ ಗೃಹಸ್ಥರಿಗೆ ಕೆಲವು ಮಾತುಗಳು. ಹೊರಡುವ ಮುಂಚೆ ನಮ್ಮ ಸಾರಿಗೆ ಕಚೇರಿಯಿಂದ ಅಂತಾರಾಷ್ಟ್ರೀಯ ರಹದಾರಿಯನ್ನು ಪಡೆಯಬಹುದು. 1949ರ ಜಿನೀವಾ ಒಪ್ಪಂದವೇ ಅದಕ್ಕೆ ಆಧಾರ, ಅದರ ಅವಧಿ ಒಂದು ವರ್ಷ. ಆದರೆ ಅದು ಮೂಲ ಲೈಸೆನ್ಸಿನ ಜೊತೆಯಲ್ಲಿರಬೇಕಾದ ಪತ್ರವೇ ಹೊರತು ಅದರ ಬದಲಿಗಲ್ಲ. ನೆಲಸುವವರಿಗಿಂತ ಪ್ರವಾಸಿಗಳಿಗೇ ಅದರ ಪ್ರಯೋಜನ ಹೆಚ್ಚು. ನೆಲಸುವವರಿಗೆ ಗಡುವು ದೇಶದೇಶಕ್ಕೂ ಬೇರೆ: ಜರ್ಮನಿಯಲ್ಲಿ ಆರು ತಿಂಗಳು, ಅಮೆರಿಕದಲ್ಲಿ ಪ್ರಾಂತ ಪ್ರಾಂತಕ್ಕೂ ಬೇರೆ, ಕ್ಯಾಲಿಫೋರ್ನಿಯದಲ್ಲಿ ನೆಲಸಿದವರು ಹತ್ತೇ ದಿನಗಳೊಳಗೆ ಅಲ್ಲಿಯ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಗಡುವನ್ನು ಮೊದಲೇ ತಿಳಿದು, ಮೊದಲ ತಿಂಗಳಿನಲ್ಲಿಯೇ ಪರೀಕ್ಷೆಗೆ ಹೆಸರು ಬರೆಯಿಸುವುದು ಲೇಸು. ಹನ್ನೊಂದನೆಯ ತಿಂಗಳಿಗೆ ಬಿಟ್ಟವರ ಪಾಡು ಮೇಲೆ ಹೇಳಿದಂತೆ.

ಕಳೆದ ದಸರೆಗೆ ಮಗಳು ಊರಿಗೆ ಬಂದಿದ್ದಳು. ಪಿರಿಯಾಪಟ್ಟಣದಲ್ಲಿ ರಸ್ತೆಗೆ ಬಿಳಿಯ ಪಟ್ಟೆ ಬಳಿದ ಒಂದು ಕಡೆ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ದಾಟಲು ಕಾದಿದ್ದಳು. ಮಗಳು ಕಾರನ್ನು ನಿಲ್ಲಿಸಿದಳು. ಹಿಂದಿನವರೆಲ್ಲರೂ ಹಾರನ್ನು ಒತ್ತತೊಡಗಿದರು. ಮುದುಕಿಗೆ ನಂಬಿಕೆ ಬರಲಿಲ್ಲ. ನೀನೇ ಹೋಗು ಎಂದು ಕೈ ಬೀಸಿದಳು. ಮಗಳೂ ಕೈ ಬೀಸಿದಳು. ನಾವು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿದ್ದೆವು. ಕಡೆಗೆ ಮುದುಕಿ ನಗುತ್ತ, ಅವಸರವಿಲ್ಲದೆ ದಾಟಿದಳು.