ತೊಟ್ಟಿಲಿರುವ ಮನೆಯ ಶುಚಿತ್ವ: ಕೂಸೂ ಸುರಕ್ಷಿತ, ಜೀವಗಳೂ ಸುರಕ್ಷಿತ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಜೈನ ಮನೆಗಳಲ್ಲಿ ಕೂಸು ಹುಟ್ಟಿದ ಮೇಲೆ ಬಹುತೇಕ ಒಂದೇ ಬಗೆಯ ಪ್ರಶ್ನೆ ಏಳುತ್ತದೆ. ಚೆಲ್ಲಿದ ಹಾಲಿಗೆ ಇರುವೆ ಮುತ್ತುತ್ತವೆ. ಇರುವೆಯನ್ನು ಕೊಲ್ಲುವಂತಿಲ್ಲ, ಕೂಸಿಗೆ ಕಚ್ಚಲು ಬಿಡುವಂತೆಯೂ ಇಲ್ಲ. ತುಂಬಿಟ್ಟ ನೀರಿನಲ್ಲಿ ಸೊಳ್ಳೆಮರಿ ಕಾಣಿಸಿದರೆ ಚೆಲ್ಲುವುದಕ್ಕೆ ಮನಸ್ಸು ಹಿಂಜರಿಯುತ್ತದೆ, ಚೆಲ್ಲದಿದ್ದರೆ ಮಗುವಿಗೆ ಜ್ವರದ ಭಯ. ಇವುಗಳ ನಡುವೆ ನಿದ್ದೆಗೆಟ್ಟ ಬಾಣಂತಿಗೆ ದಿನಕ್ಕೆ ಮೂರು ಸಲ ಕಸ ಗುಡಿಸುವ ಕೆಲಸವೂ ಇರುತ್ತದೆ. ಈ ತೊಡಕಿನಿಂದ ಹೊರಬರುವ ದಾರಿ ಶ್ರಾವಕಾಚಾರದಲ್ಲೇ ಇದೆ. ಜೀವ ಹುಟ್ಟಿದ ಮೇಲೆ ಏನು ಮಾಡಬೇಕೆಂದು ಯೋಚಿಸುವುದು ತಡವಾಯಿತು. ಅದು ಹುಟ್ಟಲು, ಮುತ್ತಲು ಅವಕಾಶವೇ ಇಲ್ಲದಂತೆ ನೋಡಿಕೊಳ್ಳುವುದು ಜೈನ ಮನೆಯ ಶುಚಿತ್ವ.

ಗೃಹಸ್ಥನ ಹಿಂಸೆಯನ್ನು ಆಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಬೇಕೆಂದು ಮಾಡುವ ಸಂಕಲ್ಪೀ ಹಿಂಸೆಯನ್ನು ಶ್ರಾವಕ ಪೂರ್ತಿ ಬಿಡಬೇಕು. ಒಲೆ ಹಚ್ಚುವುದು, ಕುಟ್ಟುವುದು, ಬೀಸುವುದು, ನೀರು ತುಂಬುವುದು, ಗುಡಿಸುವುದು ಇವೆಲ್ಲ ಆರಂಭೀ ಹಿಂಸೆಯ ಸ್ಥಾನಗಳು. ಮನೆ ನಡೆಸುವವರು ಇವನ್ನು ಪೂರ್ತಿ ತಪ್ಪಿಸಲಾರರು, ಎಚ್ಚರದಿಂದ ಕಡಿಮೆ ಮಾಡಬಹುದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹಿಂಸೆಯ ಲಕ್ಷಣ ಹೇಳುವಾಗ ಮೊದಲು ಹಿಡಿಯುವುದು ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು. ಹೀಗಿರುವಾಗ ಇರುವೆಗೆ ಔಷಧಿ ಹೊಡೆಯುವುದೊಂದೇ ದೋಷವಲ್ಲ. ಹಾಲಿನ ಬಟ್ಟಲನ್ನು ರಾತ್ರಿಯಿಡೀ ತೊಟ್ಟಿಲ ಕೆಳಗೆ ಬಿಡುವುದರಲ್ಲೂ ಪ್ರಮಾದವಿದೆ.

ಇನ್ನು ಈ ಸೀಮೆಯ ನೆಲ. ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಪುಡಿಯಾಗುತ್ತದೆ, ಗಾಳಿಗೆ ಧೂಳಾಗಿ ಪಡಸಾಲೆಗೆ ಬರುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಕಾಲಿಗೆ ಅಂಟಿಕೊಂಡು ಒಳಗೆ ಬರುತ್ತದೆ. ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಕಿಟಕಿ ಮುಚ್ಚಿಕೊಂಡಿರುವುದೂ ಕಷ್ಟ. ಇಂಥ ಊರಿನಲ್ಲಿ ಕೂಸಿರುವ ಮನೆ ಕನ್ನಡಿಯಂತೆ ಹೊಳೆಯಬೇಕೆಂದು ಬಯಸುವುದು ಅತಿಯಾಸೆ. ಒಣ ಧೂಳಿನಿಂದ ಆಗುವ ಕೇಡು ಸಣ್ಣದು. ಕೇಡು ಹೆಚ್ಚಿರುವುದು ಹಸಿಯಲ್ಲಿ. ಹಾಲು, ಮೂತ್ರ, ಜೊಲ್ಲು, ಎಂಜಲು, ನಿಂತ ನೀರು ಇದ್ದಲ್ಲೇ ಜೀವ ಹುಟ್ಟುವುದು, ರೋಗ ಬರುವುದೂ ಅಲ್ಲಿಂದಲೇ. ಸಮಯ ಕಡಿಮೆ ಇದ್ದಾಗ ಧೂಳು ಕಾಯಲಿ, ಹಸಿ ಕಾಯಬಾರದು.

ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳುವ 53 ಗರ್ಭಾನ್ವಯ ಕ್ರಿಯೆಗಳಲ್ಲಿ ಮಗುವನ್ನು ಹೊರಗೆ ಕರೆದೊಯ್ಯುವ ಬಹಿರ್ಯಾನ, ಕುಳ್ಳಿರಿಸುವ ನಿಷದ್ಯಾ, ಉಣಿಸುವ ಅನ್ನಪ್ರಾಶನ ಒಂದರ ಹಿಂದೊಂದು ಬರುತ್ತವೆ. ಮನೆಯ ಕೊಳೆಯೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಬದಲಾಗುತ್ತದೆ. ಮಲಗಿರುವ ಕೂಸಿನಿಂದ ಬಟ್ಟೆ ಒದ್ದೆ, ಕುಳಿತು ಅಂಬೆಗಾಲಿಡುವ ಮಗುವಿಗೆ ನೆಲವೇ ಆಟಿಕೆ, ಉಣ್ಣಲು ಶುರುಮಾಡಿದ ಮಗುವಿನ ಸುತ್ತ ಅನ್ನದ ಅಗುಳು.

ಮೊದಲ ಹಂತದ ದೊಡ್ಡ ತೊಂದರೆ ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಕೂಸಿಗೆ ಬೆಚ್ಚಗೆ, ಅಜ್ಜಿಯ ಕೈಯ ಆಸ್ತಿ ಕೂಡ. ಆದರೆ ಒಮ್ಮೆ ಉಚ್ಚೆ ಇಳಿದರೆ ಮೇಲೆ ಒಣಗಿದಂತೆ ಕಂಡರೂ ಒಳಪದರ ಹಸಿಯಾಗಿಯೇ ಉಳಿಯುತ್ತದೆ. ಚಾತುರ್ಮಾಸದ ತಿಂಗಳುಗಳಲ್ಲಿ ಅಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಜೈನ ದೃಷ್ಟಿಯಲ್ಲಿ ಅನಂತಕಾಯ. ಕೌದಿಯ ಮೇಲೆ ರಬ್ಬರ್ ಹಾಳೆ, ಅದರ ಮೇಲೆ ಒಂದೇ ಪದರದ ಹತ್ತಿ ಬಟ್ಟೆ ಹಾಸಿದರೆ ದಿನಕ್ಕೆ ಹತ್ತು ಸಲ ಬದಲಿಸುವುದು ಆ ತೆಳು ಬಟ್ಟೆಯನ್ನು ಮಾತ್ರ. ಒದ್ದೆ ಬಟ್ಟೆಯನ್ನು ಬುಟ್ಟಿಯಲ್ಲಿ ಕೂಡಿಟ್ಟು ಮರುದಿನ ಒಗೆಯುವ ರೂಢಿಯನ್ನಂತೂ ಬಿಡಬೇಕು. ಮೈಯಿಂದ ಹೊರಬಿದ್ದ ಮಲಮೂತ್ರ, ಕಫ ಮೊದಲಾದ 14 ಸ್ಥಾನಗಳಲ್ಲಿ ಸಮ್ಮೂರ್ಛಿಮ ಜೀವಗಳು ಹುಟ್ಟುತ್ತವೆಂದು ಶ್ವೇತಾಂಬರ ಆಗಮವಾದ ಪ್ರಜ್ಞಾಪನಾ ಸೂತ್ರ ಹೇಳುತ್ತದೆ. ಪರಂಪರೆ ಅದಕ್ಕೆ ಇಟ್ಟಿರುವ ಗಡುವು ಎರಡು ಘಳಿಗೆ, ಅಂದರೆ 48 ನಿಮಿಷ. ಒದ್ದೆ ಬಟ್ಟೆಯನ್ನು ಆ ಹೊತ್ತಿನೊಳಗೆ ಒಮ್ಮೆ ಜಾಲಾಡಿ ಬಿಸಿಲಿಗೆ ಹರವಿದರೂ ಸಾಕು, ಸಾಬೂನಿನ ಒಗೆತ ಆಮೇಲೆ ಆಗಬಹುದು. ಬಿಸಿಲಿನ ವಿಷಯದಲ್ಲಿ ಈ ಜಿಲ್ಲೆಗೆ ಬಡತನವಿಲ್ಲ.

ಪ್ರಯಾಣಕ್ಕೆಂದು ತರುವ ಡೈಪರ್ ಈಗ ಮನೆಯಲ್ಲೂ ಹಗಲಿರುಳು ಬಳಕೆಯಾಗುತ್ತಿದೆ. ಅದನ್ನು ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಹಸಿ ದಿನಗಟ್ಟಲೆ ಒಳಗೇ ಉಳಿಯುತ್ತದೆ. ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದಾದ ಉತ್ಸರ್ಗ ಸಮಿತಿ ಮಲಮೂತ್ರವನ್ನು ನೋಡಿ, ಜೀವರಹಿತ ಜಾಗದಲ್ಲಿ ಬಿಡಬೇಕೆನ್ನುತ್ತದೆ. ಮನೆಯಲ್ಲಿ ಅದರ ಅರ್ಥ ಇಷ್ಟೇ: ಡೈಪರಿನಲ್ಲಿರುವ ಮಲವನ್ನು ಶೌಚಾಲಯಕ್ಕೆ ಹಾಕಿ, ಉಳಿದುದನ್ನು ಕಾಗದದಲ್ಲಿ ಸುತ್ತಿ ಅಂದಂದೇ ಕಸದ ಗಾಡಿಗೆ ಕೊಡುವುದು. ಕೂಸಿನ ಮಲಕ್ಕೆ ದೋಷವಿಲ್ಲವೆಂದು ಹಿತ್ತಲಿಗೆ ಎಸೆಯುವವರಿದ್ದಾರೆ. ಅದರಲ್ಲೂ ರೋಗಾಣುಗಳಿರುತ್ತವೆ. ತೊಳೆದ ಕೈಯನ್ನು ಸಾಬೂನಿನಿಂದ ಮತ್ತೆ ತೊಳೆಯದೆ ಹಾಲು ಕಾಯಿಸಲು ಹೋಗುವುದೇ ಎಳೆಮಕ್ಕಳ ಭೇದಿಗೆ ಒಂದು ಮುಖ್ಯ ಕಾರಣ. ಭೇದಿ ಶುರುವಾದರೆ ಓಆರ್‌ಎಸ್ ಕೊಡಬೇಕು, ಜಿಂಕ್ ಮಾತ್ರೆಯನ್ನು ಆರೋಗ್ಯ ಕೇಂದ್ರದವರು ಹೇಳಿದಂತೆ 14 ದಿನ ಮುಗಿಸಬೇಕು. ಎದೆಹಾಲನ್ನು ನಿಲ್ಲಿಸಬಾರದು.

ಈ ಹಂತದಲ್ಲಿ ಸೂತಕದ ನಿಯಮವೂ ನೆರವಿಗೆ ಬರುತ್ತದೆ. ಮನೆಯವರಿಗೆ 10 ದಿನ, ಬಾಣಂತಿಗೆ ಮನೆತನದ ರೂಢಿಯಂತೆ 40 ಅಥವಾ 45 ದಿನ ಬಸದಿ ಪ್ರವೇಶವಿಲ್ಲ, ಚೌಕದ ಅಡಿಗೆಯೂ ಇಲ್ಲ. ಇದನ್ನು ಮೈಲಿಗೆ ಎಂದಷ್ಟೇ ನೋಡುವವರು ಇದರಿಂದ ಸಿಗುವ ಬಿಡುವನ್ನು ಮರೆಯುತ್ತಾರೆ. ಒಲೆ ಮುಟ್ಟಬಾರದು ಎನ್ನುವ ಮನೆಯಲ್ಲೇ ರಾಶಿ ಬಟ್ಟೆ ಒಗೆಯಲು ಅವಳನ್ನೇ ಕಳಿಸಿದರೆ ನಿಯಮದ ಅರ್ಧ ಮಾತ್ರ ಪಾಲಿಸಿದಂತಾಯಿತು.

ಅಂಬೆಗಾಲಿನ ಮಗು ಬಂದಾಗ ನೋಟವನ್ನು ನೆಲದ ಮಟ್ಟಕ್ಕೆ ಇಳಿಸಬೇಕು. ಈ ಭಾಗದ ಮನೆಗಳಲ್ಲಿ ಶಹಾಬಾದ್ ಅಥವಾ ತಾಳಿಕೋಟೆಯ ಫರಸಿ ಕಲ್ಲಿನ ಹಾಸು ಸಾಮಾನ್ಯ. ಇವು ಸುಣ್ಣದಕಲ್ಲು. ಬಚ್ಚಲಿಗೆಂದು ತಂದ ಆ್ಯಸಿಡ್ ಬಿದ್ದರೆ ಕಲ್ಲು ನೊರೆಯುಕ್ಕಿ ಸವೆಯುತ್ತದೆ, ಸವೆದ ಕುಳಿಗಳಲ್ಲಿ ಹಾಲು, ಕೊಳೆ ನಿಲ್ಲುತ್ತವೆ, ಅಲ್ಲಿಗೆ ಇರುವೆ ಬರುತ್ತದೆ. ಲಿಂಬೆರಸವೂ ಹುಳಿಯೇ. ಭೌಗೋಳಿಕ ಸೂಚಿಕೆ ಪಡೆದ ಇಂಡಿ ಲಿಂಬೆಯ ಸಿಪ್ಪೆ ಗಡಸು ನೀರಿನಿಂದ ಸ್ಟೀಲ್ ಪಾತ್ರೆ, ನಳಗಳ ಮೇಲೆ ಕೂತ ಬಿಳಿ ಕಲೆ ತೆಗೆಯಲು ಬಹಳ ಒಳ್ಳೆಯದು, ಫರಸಿಗೆ ಮಾತ್ರ ಬೇಡ. ಕಲ್ಲಿಗೆ ಬೆಚ್ಚಗಿನ ನೀರು, ತುಸು ಸಾಬೂನು, ಆಮೇಲೆ ಒಣ ಬಟ್ಟೆ ಸಾಕು. ಒರೆಸುವ ಮೊದಲು ಮೆತ್ತನೆಯ ಕಸಬರಿಗೆಯಿಂದ ಹಗುರವಾಗಿ ಗುಡಿಸಿದರೆ ಇರುವೆಗಳು ಸರಿದುಹೋಗುತ್ತವೆ. ನೇರ ಒದ್ದೆ ಬಟ್ಟೆ ಎಳೆದರೆ ಅವು ಅಲ್ಲೇ ಸಾಯುತ್ತವೆ.

ಕೊಲ್ಲುವ ವಸ್ತುಗಳು ಮಗುವಿಗೂ ವಿಷ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇರುವೆ, ಜಿರಳೆಗೆ ಗೆರೆ ಎಳೆಯುವ ಚಾಕ್‌ನಲ್ಲಿರುವುದು ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ನಂತಹ ಕೀಟನಾಶಕ. ನೋಡಲು ಶಾಲೆಯ ಸೀಮೆಸುಣ್ಣದಂತೆಯೇ ಇರುವ ಅದನ್ನು ಮಗು ಬಾಯಿಗಿಟ್ಟುಕೊಳ್ಳುತ್ತದೆ. ಟ್ರಂಕಿನಲ್ಲಿ ಡಾಂಬರು ಗುಳಿಗೆ ಹಾಕಿಟ್ಟ ದುಪಟಿಯನ್ನು ತೆಗೆದು ಎಳೆಗೂಸಿಗೆ ಹಾಗೆಯೇ ಸುತ್ತುವುದು ಇನ್ನೂ ಅಪಾಯ. ಅದರಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಆ ಕೊರತೆ ಹೊರಗೆ ಕಾಣುವುದಿಲ್ಲ. ಒಣಗಿದ ಬೇವಿನ ಎಲೆ ಹಾಕಿ, ಬಟ್ಟೆಯನ್ನು ಆಗಾಗ ಬಿಸಿಲಿಗೆ ಹಾಕುವ ಹಳೆಯ ಪದ್ಧತಿಯೇ ಸಾಕು. ಫಿನಾಯಿಲ್, ಆ್ಯಸಿಡ್, ಸೀಮೆಎಣ್ಣೆಯನ್ನು ನೀರಿನ ಬಾಟಲಿಯಲ್ಲಿ ಹಾಕಿಡಬಾರದು. ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿ ಕೂಡಿದರೆ ವಿಷಾನಿಲ ಏಳುತ್ತದೆ. ಮಗು ಇವುಗಳಲ್ಲಿ ಏನನ್ನಾದರೂ ಕುಡಿದರೆ ವಾಂತಿ ಮಾಡಿಸುವ ಪ್ರಯತ್ನ ಬೇಡ, 108ಕ್ಕೆ ಕರೆ ಮಾಡಿ ಬಾಟಲಿ ಸಮೇತ ಆಸ್ಪತ್ರೆಗೆ ಒಯ್ಯಬೇಕು.

ಉಣ್ಣುವ ವಯಸ್ಸಿಗೆ ಬಂದಾಗ ಇರುವೆಯ ಪ್ರಶ್ನೆ ದಿನಾಲೂ ಇರುತ್ತದೆ. ಮಗುವನ್ನು ಮನೆ ತುಂಬ ಓಡಾಡಿಸುತ್ತ ತುತ್ತು ಹಾಕಿದರೆ ಮನೆ ತುಂಬ ಅಗುಳು. ಒಂದೇ ಜಾಗದಲ್ಲಿ, ಒಂದು ಬಟ್ಟೆ ಹಾಸಿ ಉಣಿಸಿದರೆ ಆ ಬಟ್ಟೆಯನ್ನು ಝಾಡಿಸಿದರೆ ಮುಗಿಯಿತು. ಹಾಲು, ಬೆಲ್ಲವನ್ನು ನೆಲುವಿನಲ್ಲಿ ತೂಗುಹಾಕುತ್ತಿದ್ದ ಹಿಂದಿನವರ ಉಪಾಯ ಇಂದಿಗೂ ಒಳ್ಳೆಯದು. ಸುತ್ತ ನೀರಿಟ್ಟ ತಟ್ಟೆಯಲ್ಲಿ ಪಾತ್ರೆ ಇಡುವುದಕ್ಕಿಂತ ಅದು ಮೇಲು, ನೀರಿನಲ್ಲಿ ಇರುವೆ ಮುಳುಗಿ ಸಾಯುತ್ತದೆ. ಬಂದ ಇರುವೆ ಸಾಲನ್ನು ಒರೆಸಿಹಾಕದೆ ಮೊದಲು ಮಗುವನ್ನು, ಆಮೇಲೆ ತಿನಿಸನ್ನು ಅಲ್ಲಿಂದ ತೆಗೆದರೆ ಸ್ವಲ್ಪ ಹೊತ್ತಿನಲ್ಲಿ ಸಾಲು ತಾನೇ ಚದುರುತ್ತದೆ.

ಮಗುವಿನ ಸರಿಹಿಟ್ಟಿನಲ್ಲಿ ಮಾತ್ರ ಜೈನ ಮನೆಗಳೂ ಎಡವುತ್ತವೆ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ ಎಂದು ತಿಳಿದವರೇ ರಾಗಿ, ಹೆಸರುಬೇಳೆ ಹುರಿದು ತಿಂಗಳಿಗಾಗುವಷ್ಟು ಬೀಸಿ ಡಬ್ಬಿ ತುಂಬುತ್ತಾರೆ. ದೊಡ್ಡವರ ರೊಟ್ಟಿಗೆ ಇರುವ ನಿಯಮ ಕೂಸಿನ ಅಂಬಲಿಗೆ ಇಲ್ಲವಾಗಿರುವುದು ವಿಚಿತ್ರ. ಹುರಿದ ಕಾಳನ್ನು ಕಾಳಾಗಿಯೇ ಇಟ್ಟು ಆ ಮರ್ಯಾದೆಗೆ ತಕ್ಕಂತೆ ಆಗಾಗ ಮಿಕ್ಸಿಗೆ ಹಾಕುವುದು ಹೆಚ್ಚು ಕೆಲಸವೇನಲ್ಲ. ಜೇನಿನ ವಿಷಯದಲ್ಲಿ ಶಾಸ್ತ್ರ, ವೈದ್ಯ ಎರಡೂ ಒಂದೇ ಮಾತು ಹೇಳುತ್ತವೆ. ಒಂದು ವರ್ಷ ತುಂಬದ ಮಗುವಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ಅಪಾಯದ ರೋಗ ಬರಬಹುದು.

ನಳದ ನೀರು ದಿನಾಲೂ ಬರದ ಓಣಿಗಳಲ್ಲಿ ಬ್ಯಾರಲ್, ಹಂಡೆ, ಸಿಮೆಂಟ್ ತೊಟ್ಟಿ ತುಂಬಿಡುವುದು ಅನಿವಾರ್ಯ. ಕೃಷ್ಣೆಗೆ ಆಲಮಟ್ಟಿ ಅಣೆಕಟ್ಟೆ ಕಟ್ಟಿದ್ದು ಇದೇ ಜಿಲ್ಲೆಯಲ್ಲಿ, ಇಂಡಿ ಮತ್ತು ಸಿಂದಗಿ ಕಡೆ ಭೀಮೆ ಹರಿಯುತ್ತಾಳೆ, ಆದರೂ ಬೇಸಿಗೆಯಲ್ಲಿ ಕೊಡ ಎಣಿಸುವುದು ತಪ್ಪಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ತುಂಬಿಟ್ಟ ನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಬೇಕು. ಮರಿ ಕಂಡ ಮೇಲೆ ಯಾವ ದಾರಿ ಹಿಡಿದರೂ ಹಿಂಸೆ. ತುಂಬಿದ ಕೂಡಲೇ ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿ, ಮೇಲೆ ಮುಚ್ಚಳ ಇಟ್ಟರೆ ಸೊಳ್ಳೆ ಒಳಗೆ ಹೋಗುವುದೇ ಇಲ್ಲ. ವಾರಕ್ಕೊಮ್ಮೆ ಪಾತ್ರೆ ಬರಿದಾಗಿಸಿ, ಒಳಗೋಡೆ ತಿಕ್ಕಿ ಒಣಗಿಸಬೇಕು. ಮುಚ್ಚಳದಿಂದ ಇನ್ನೊಂದು ಉಪಕಾರವಿದೆ: ನಡೆಯಲು ಕಲಿಯುವ ಮಗು ಅರ್ಧ ಬಕೆಟ್ ನೀರಿಗೆ ತಲೆಕೆಳಗಾಗಿ ಬಿದ್ದರೂ ತಾನಾಗಿ ಮೇಲೇಳಲಾರದು. ರಾತ್ರಿ ಕೂಸಿಗೆ ಸೊಳ್ಳೆಪರದೆ ಸಾಕು. ಅದು ಸೊಳ್ಳೆಯನ್ನು ತಡೆಯುತ್ತದೆ, ಕೊಲ್ಲುವುದಿಲ್ಲ. ಬತ್ತಿಯ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಕುಡಿಯುವ ನೀರಿನ ಮರ್ಯಾದೆ ಎಲ್ಲರಿಗೂ ತಿಳಿದದ್ದೇ. ಎರಡು ಪದರದ ದಪ್ಪ ಬಟ್ಟೆಯಲ್ಲಿ ಸೋಸಿದ ನೀರಿಗೆ 48 ನಿಮಿಷ, ಕುದಿಸಿದ್ದಕ್ಕೆ 24 ಗಂಟೆ. ಆರು ತಿಂಗಳವರೆಗೆ ಕೂಸಿಗೆ ಎದೆಹಾಲಲ್ಲದೆ ಬೇಸಿಗೆಯಲ್ಲೂ ನೀರು ಬೇಕಿಲ್ಲ. ಆಮೇಲೆ ಸೋಸಿ ಕುದಿಸಿದ ನೀರೇ ಅದಕ್ಕೆ ಸರಿ.

ಇಷ್ಟೆಲ್ಲ ಮಾಡುವವರು ಯಾರು? ದಿಗಂಬರ ಮುನಿಗಳು ಎಲ್ಲವನ್ನೂ ತ್ಯಜಿಸಿದ ಮೇಲೆ ಕೈಯಲ್ಲಿ ಉಳಿಸಿಕೊಳ್ಳುವುದು ಪಿಂಛಿ, ಕಮಂಡಲು. ಒಂದು ಮೆಲ್ಲಗೆ ಗುಡಿಸಲು, ಇನ್ನೊಂದು ಶುದ್ಧಿಯ ನೀರಿಗೆ. ಶ್ವೇತಾಂಬರ ಸಾಧುಗಳ ಬಳಿ ರಜೋಹರಣ ಇರುತ್ತದೆ. ಆಚಾರ್ಯ ಪದವಿಯಲ್ಲಿರುವವರೂ ಕೂರುವ ಜಾಗವನ್ನು ತಾವೇ ಪಿಂಛಿಯಿಂದ ಸರಿಸಿಕೊಂಡು ಕೂರುತ್ತಾರೆ. ಅಂಥ ಪರಂಪರೆಯ ಮನೆಯಲ್ಲಿ ಕಸಬರಿಗೆ ಹಿಡಿದರೆ ಗಂಡಸಿನ ಮಾನ ಹೋಗುತ್ತದೆ ಎನ್ನುವುದು ನಿಲ್ಲದ ಮಾತು. ಅಂಗಡಿಯಿಂದ ಅಥವಾ ಹೊಲದಿಂದ ಸೂರ್ಯಾಸ್ತದ ಊಟಕ್ಕೆ ಮನೆಗೆ ಬರುವ ತಂದೆ ಊಟದ ಜಾಗ ಗುಡಿಸಿ, ನೀರಿನ ಪಾತ್ರೆಗಳ ಮುಚ್ಚಳ ನೋಡಿ, ಒಣಗಿದ ಬಟ್ಟೆ ಒಳಗೆ ತಂದರೆ ಅರ್ಧ ಗಂಟೆಯ ಕೆಲಸ. ಬೆಳಕಿರುವಾಗಲೇ ಗುಡಿಸಿದರೆ ಕಾಲಕೆಳಗಿನ ಜೀವವೂ ಕಾಣುತ್ತದೆ.

ಎಂಟು ವರ್ಷದವರೆಗೆ ಮಗುವಿಗೆ ವ್ರತದ ಹೊಣೆಯಿಲ್ಲ, ಅದರ ಮೂಲಗುಣಗಳನ್ನು ಕಾಯುವವರು ತಂದೆತಾಯಿ. ಹಾಗಾಗಿ ಮಗು ಚೆಲ್ಲಿದ್ದಕ್ಕೆ ಗದರುವುದರಲ್ಲಿ ಅರ್ಥವಿಲ್ಲ. ಚೌಕ ಹಾಕುವ ಮನೆಗಳು ಅಡಿಗೆಮನೆಯ ಬಾಗಿಲಿಗೆ ಮೊಣಕಾಲೆತ್ತರದ ಹಲಗೆ ಅಡ್ಡವಿಟ್ಟರೆ ಒಳಗಿನ ಶುದ್ಧಿ ಕೆಡುವುದಿಲ್ಲ, ಒಲೆ, ಬಿಸಿ ನೀರಿನಿಂದ ಮಗುವೂ ದೂರವಿರುತ್ತದೆ. ಆ ಒಂದು ಕೋಣೆ ಮತ್ತು ಕುಡಿಯುವ ನೀರು ದಿನಾಲೂ ಕಟ್ಟುನಿಟ್ಟಾಗಿರಲಿ. ಪಡಸಾಲೆಯ ಮೂಲೆಯ ಧೂಳು, ಅಟ್ಟದ ಮೇಲಿನ ಪಾತ್ರೆ ಕೂಸು ನಡೆಯುವವರೆಗೆ ಕಾಯಬಹುದು. ಜೇಡರ ಬಲೆ ತೆಗೆಯುವ ದಿನ ಬಂದಾಗಲೂ ಮೊದಲು ಅದರಲ್ಲಿ ಜೇಡ ಇದೆಯೇ ಎಂದು ನೋಡಿ, ಇದ್ದರೆ ಮೆತ್ತನೆಯ ಬಟ್ಟೆಯಲ್ಲಿ ಹೊರಗೆ ಬಿಟ್ಟು ಬರಬೇಕು.