ಮಾಗಿಯ ನೀರಿನ ಮಹಾಮತ್ಸ್ಯ

೧೯೯೨ರ ಜನವರಿ ೨೪. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಪೂರ್ವಭಾಗದಲ್ಲಿರುವ ಲೇಕ್ ಫೋರ್ಕ್ ಎಂಬ ಜಲಾಶಯದಲ್ಲಿ ಬ್ಯಾರಿ ಸೇಂಟ್ ಕ್ಲೇರ್ ಎಂಬಾತನು ದೋಣಿಯಲ್ಲಿ ಕುಳಿತು ಗಾಳ ಹಾಕಿದ್ದನು. ಆತನು ಬಯಸಿದ್ದು ಕ್ರಾಪಿ ಎಂಬ ಮೀನನ್ನು. ಅಂಗೈಗಿಂತ ತುಸು ದೊಡ್ಡದು, ಬಾಣಲೆಗೆ ಒಪ್ಪುವಂಥದು. ಎರೆಯಾಗಿ ಸಿಕ್ಕಿಸಿದ್ದುದು ಜೀವಂತವಾದ ಒಂದು ಪುಟ್ಟ ಮೀನು. ಆದರೆ ಅದನ್ನು ನುಂಗಿದ್ದು ಕ್ರಾಪಿಯಲ್ಲ. ದಾರದ ಕೊನೆಯಲ್ಲಿ ಮೇಲೆ ಬಂದದ್ದು ೧೮.೧೮ ಪೌಂಡು, ಅಂದರೆ ಸುಮಾರು ೮.೨೫ ಕಿಲೋಗ್ರಾಂ ತೂಕದ ಲಾರ್ಜ್‌ಮೌತ್ ಬ್ಯಾಸ್! ಟೆಕ್ಸಾಸಿನಲ್ಲಿ ಗಾಳಕ್ಕೆ ಸಿಕ್ಕಿದ ಆ ಜಾತಿಯ ಮೀನುಗಳಲ್ಲಿ ಅದಕ್ಕಿಂತ ಭಾರವಾದುದು ಇಂದಿಗೂ ದಾಖಲಾಗಿಲ್ಲ. ಅಂಥದೊಂದು ಮೀನಿಗಾಗಿ ವರ್ಷಗಟ್ಟಲೆ ತಪಸ್ಸು ಮಾಡುವವರನ್ನು ಬಿಟ್ಟು, ಕೇಳದವನಿಗೆ ಒಲಿದ ಈ ಭಾಗ್ಯವನ್ನು ಕಂಡು ಎಷ್ಟು ಜನ ಕೈ ಹಿಸುಕಿಕೊಂಡರೋ!

ಹೆಸರೇ ಹೇಳುವಂತೆ ಇದು ದೊಡ್ಡ ಬಾಯಿಯ ಮೀನು. ಬಾಯಿ ಮುಚ್ಚಿದ್ದಾಗಲೂ ಮೇಲ್ದವಡೆಯ ತುದಿ ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ. ಹಸಿರು ಮೈ, ಪಕ್ಕದುದ್ದಕ್ಕೂ ಕಪ್ಪು ಪಟ್ಟೆ. ಸಣ್ಣ ಮೀನು, ಕಪ್ಪೆ, ಸಿಹಿನೀರಿನ ಸೀಗಡಿ, ಯಾವುದಾದರೂ ಸರಿ, ಆ ಬಾಯಿಗೆ ಹಿಡಿಸಿದರೆ ಸಾಕು. ಇನ್ನೊಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಗಂಡುಮೀನು ಐದಾರು ಪೌಂಡು ತೂಗಿದರೇ ಹೆಚ್ಚು. ದಾಖಲೆಯ ಮಾತೆತ್ತುವಷ್ಟು ಬೆಳೆಯುವುದು ಹೆಣ್ಣುಮೀನು. ಈ ಲೇಖನದಲ್ಲಿ ಬರುವ ಕಥೆಯೆಲ್ಲ ಅದನ್ನೇ ಅವಲಂಬಿಸಿದೆ.

ಚಳಿಗಾಲದಲ್ಲಿ ಈ ಬೇಟೆಯೇಕೆ ಎಂದು ಕೇಳಬಹುದು. ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಾದಂತೆ ಅದರ ದೇಹವ್ಯಾಪಾರವೂ ಮಂದವಾಗುತ್ತದೆ. ನೀರಿನ ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಕ್ಕಿಳಿದರೆ ಉಂಡದ್ದು ಅರಗಲು ದಿನಗಳೇ ಹಿಡಿಯುತ್ತವೆ. ಹಸಿವಿಲ್ಲದ ಮೀನನ್ನು ಎರೆ ತೋರಿಸಿ ಕರೆಯುವುದು ಊಟ ಮುಗಿಸಿ ಮಲಗಿದ ನೆಂಟನನ್ನು ಮತ್ತೆ ಎಲೆಯ ಮುಂದೆ ಕೂರಿಸಿದಂತೆಯೇ ಸರಿ. ಆದರೂ ಬಲ್ಲವರು ಉಣ್ಣೆಯ ಟೋಪಿ, ಕೈಗವಸು ಧರಿಸಿ ಜನವರಿ, ಫೆಬ್ರವರಿ ತಿಂಗಳುಗಳಲ್ಲೇ ಹೊರಡುತ್ತಾರೆ. ಶರತ್ಕಾಲದಲ್ಲಿ ಹೊಟ್ಟೆ ತುಂಬ ತಿಂದ ಹೆಣ್ಣುಮೀನಿನ ಒಡಲಲ್ಲಿ ಚಳಿಗಾಲವಿಡೀ ತತ್ತಿಗಳು ಬೆಳೆಯುತ್ತಿರುತ್ತವೆ. ವಸಂತದಲ್ಲಿ ನೀರು ಹದಿನೈದು ಹದಿನೆಂಟು ಡಿಗ್ರಿಗೆ ಬಿಸಿಯಾದಾಗ ಅದು ದಡದ ಬಳಿ ಬಂದು ತತ್ತಿಯಿಡುತ್ತದೆ. ಆದುದರಿಂದ ಅದಕ್ಕೆ ಮುಂಚಿನ ವಾರಗಳಲ್ಲಿ ಅದರ ತೂಕ ವರ್ಷದಲ್ಲೇ ಅತ್ಯಧಿಕ. ದಾಖಲೆಯನ್ನು ಅರಸುವವನು ಅರಸುವುದು, ನಿಜವಾಗಿ ನೋಡಿದರೆ, ತುಂಬುಗರ್ಭಿಣಿಯನ್ನು.

ಹಿಡಿಯುವ ಬಗೆಯೂ ಬೇಸಿಗೆಯದಲ್ಲ. ಆಗ ಎರೆಯನ್ನು ರಭಸದಿಂದ ಎಳೆದರೆ ಮೀನು ಅಟ್ಟಿಸಿಕೊಂಡು ಬರುತ್ತದೆ. ಚಳಿಯಲ್ಲಿ ಅಷ್ಟು ಶ್ರಮ ಯಾರಿಗೆ ಬೇಕು? ಆ ಜಲಾಶಯಗಳಲ್ಲಿ ಬ್ಯಾಸಿನ ಮುಖ್ಯ ಆಹಾರ ಶ್ಯಾಡ್ ಎಂಬ ಬೆಳ್ಳಿಬಣ್ಣದ ಸಣ್ಣ ಮೀನು. ನೀರು ತೀರ ತಣ್ಣಗಾದಾಗ ಶ್ಯಾಡುಗಳು ಮಂಕಾಗಿ, ಒಮ್ಮೆ ನಡುಗಿ, ಒಮ್ಮೆ ನಿಶ್ಚಲವಾಗಿ ತೇಲುತ್ತವೆ; ಎಷ್ಟೋ ಸತ್ತೇಹೋಗುತ್ತವೆ. ಗಾಳಗಾರನು ತನ್ನ ಕೃತಕ ಎರೆಯಿಂದ ಅದನ್ನೇ ಅಭಿನಯಿಸಬೇಕು. ಕೋಲಿನ ತುದಿಯನ್ನು ಎರಡು ಬಾರಿ ಮೆಲ್ಲನೆ ಜಗ್ಗಿ ಸುಮ್ಮನಾಗಬೇಕು. ಐದು ಎಣಿಸಬೇಕು, ಹತ್ತು ಎಣಿಸಬೇಕು, ಕೆಲವೊಮ್ಮೆ ಮೂವತ್ತು ಎಣಿಸಬೇಕು. ಕೈಬೆರಳು ಮರಗಟ್ಟಿರುವಾಗ ಈ ಸುಮ್ಮನಿರುವಿಕೆಯೇ ಅತ್ಯಂತ ಕಷ್ಟದ್ದು. ಮೀನು ಕಚ್ಚಿದ್ದೂ ಸ್ಪಷ್ಟವಾಗಿ ತಿಳಿಯುವುದಿಲ್ಲ. ದಾರವು ಪಕ್ಕಕ್ಕೆ ಒಂದಂಗುಲ ಸರಿಯಬಹುದು, ಅಥವಾ ನೆನೆದ ಎಲೆಯೊಂದು ಸಿಕ್ಕಿಕೊಂಡಂತೆ ತುಸು ಭಾರವೆನಿಸಬಹುದು. ಅದೇ ಸೂಚನೆ. ಇಡೀ ದಿನದಲ್ಲಿ ಅದು ಒಂದೇ ಸಲ ಬಂದೀತು; ಬಾರದೆಯೂ ಇದ್ದೀತು.

ಲೇಕ್ ಫೋರ್ಕ್ ಪ್ರಕೃತಿದತ್ತ ಸರೋವರವಲ್ಲ. ಡಲ್ಲಾಸ್ ನಗರದಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರು ದೂರದಲ್ಲಿ, ಸಬೀನ್ ನದಿಗೆ ಸೇರುವ ಒಂದು ಉಪನದಿಗೆ ಕಟ್ಟೆ ಕಟ್ಟಿ, ೧೯೮೦ರಲ್ಲಿ ಅದನ್ನು ತುಂಬಿಸತೊಡಗಿದರು. ಮುಳುಗಲಿದ್ದ ಮರಗಳಲ್ಲಿ ಬಹುಭಾಗವನ್ನು ಕಡಿಯದೆ ಹಾಗೆಯೇ ಬಿಟ್ಟರು. ಇಂದೂ ನೀರಿನಿಂದ ಮೇಲೆದ್ದ ಬೋಳು ಕಾಂಡಗಳ ನಡುವೆ ದೋಣಿಗಳು ಹಾದಿ ಹುಡುಕಿ ಸಾಗಬೇಕು. ಕಟ್ಟೆ ಮುಗಿಯುವ ಮುನ್ನವೇ ಆ ಪ್ರದೇಶದ ಕೊಳಗಳಲ್ಲಿ ಫ್ಲಾರಿಡಾದ ಬ್ಯಾಸ್ ಮರಿಗಳನ್ನು ಬಿಟ್ಟು ಸಾಕಿದ್ದರು. ಈ ಫ್ಲಾರಿಡಾದ ತಳಿ ಹೆಚ್ಚು ದೊಡ್ಡದಾಗಿ ಬೆಳೆಯುತ್ತದೆ. ಅದನ್ನು ಬೇರೆಯೇ ಪ್ರಭೇದವೆಂದು ಗಣಿಸಿದ ವಿಜ್ಞಾನಿಗಳು ೨೦೨೨ರಲ್ಲಿ ಬ್ಯಾಸಿನ ಹಳೆಯ ಶಾಸ್ತ್ರೀಯ ನಾಮವನ್ನು ಅದಕ್ಕೇ ಕೊಟ್ಟು, ಮೂಲದ ಬ್ಯಾಸಿಗೆ ಮತ್ತೊಂದು ಹೆಸರನ್ನು ಹುಡುಕಿದರು. ಮನೆತನದ ಹೆಸರು ದಾಯಾದಿಯ ಪಾಲಾದಂತಾಯಿತು!

ದೊಡ್ಡ ಮೀನನ್ನು ಹಿಡಿದವನು ಅದನ್ನೇನು ಮಾಡಬೇಕು? ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ೧೯೩೨ರ ಜೂನ್ ೨ರಂದು ಜಾರ್ಜಿಯಾದ ಮಾಂಟ್ಗೊಮೆರಿ ಸರೋವರದಲ್ಲಿ ಜಾರ್ಜ್ ಪೆರಿ ಎಂಬ ರೈತ ತರುಣನು ೨೨ ಪೌಂಡು ೪ ಔನ್ಸಿನ ಬ್ಯಾಸ್ ಹಿಡಿದನು. ೨೦೦೯ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತಾ ಎಂಬಾತನು ಅದನ್ನು ಸರಿಗಟ್ಟುವವರೆಗೆ ಆ ವಿಶ್ವದಾಖಲೆಗೆ ಜೊತೆಯೇ ಇರಲಿಲ್ಲ. ಪೆರಿ ಅದನ್ನು ತೂಗಿಸಿ, ಮನೆಗೆ ಒಯ್ದನು. ಮನೆಯವರು ಅಡುಗೆ ಮಾಡಿ ಉಂಡರು. ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಆ ದಿನಗಳಲ್ಲಿ ಹತ್ತು ಕಿಲೋ ಮೀನೆಂದರೆ ಹಲವರ ಊಟ. ಅದರಲ್ಲಿ ತಪ್ಪೆಣಿಸುವುದು ನನಗೆ ಸಾಧ್ಯವಿಲ್ಲ.

೧೯೮೬ರ ನವೆಂಬರ್ ೨೬ರಂದು ಲೇಕ್ ಫೋರ್ಕಿನಲ್ಲಿ ಮಾರ್ಕ್ ಸ್ಟೀವನ್ಸನ್ ೧೭.೬೭ ಪೌಂಡಿನ ಹೆಣ್ಣುಮೀನನ್ನು ಹಿಡಿದಾಗ ನಡೆದುದೇ ಬೇರೆ. ಟೆಕ್ಸಾಸಿನ ವನ್ಯಜೀವಿ ಇಲಾಖೆಯು ಆ ವರ್ಷವೇ ‘ಶೇರ್‌ಲಂಕರ್’ ಎಂಬ ಯೋಜನೆಯನ್ನು ಹೂಡಿತ್ತು. ೧೩ ಪೌಂಡು ಅಥವಾ ಅದಕ್ಕೂ ಮೇಲ್ಪಟ್ಟ ಮೀನು ಸಿಕ್ಕಿದವನು ಅದನ್ನು ಜೀವಂತವಾಗಿ ಇಲಾಖೆಗೆ ಎರವಲು ಕೊಡಬೇಕು. ಮೊಟ್ಟೆಯಿಂದ ಮರಿ ಮಾಡಿಸಿ ಕೆರೆಗಳಿಗೆ ಬಿಡುವುದು ಇಲಾಖೆಯ ಹೊಣೆ. ಸ್ಟೀವನ್ಸನ್ನನ ಮೀನೇ ಮೊದಲನೆಯದು. ಅದಕ್ಕೆ ಎಥೆಲ್ ಎಂದು ನಾಮಕರಣವಾಯಿತು. ಮುಂದೆ ಮಿಸೌರಿಯ ಸ್ಪ್ರಿಂಗ್‌ಫೀಲ್ಡಿನ ಒಂದು ದೊಡ್ಡ ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಅದು ಜನರ ಕಣ್ಮಣಿಯಾಗಿ ಬಾಳಿತು. ೧೯೯೪ರಲ್ಲಿ ಅದು ಸತ್ತಾಗ ನಡೆದ ಶ್ರದ್ಧಾಂಜಲಿ ಸಭೆಗೆ ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು! ನಗುವವರು ನಗಲಿ. ಸೇಂಟ್ ಕ್ಲೇರನ ಮೀನೂ ಇದೇ ಯೋಜನೆಗೆ ಸೇರಿತು. ಲೇಕ್ ಫೋರ್ಕ್ ಒಂದರಿಂದಲೇ ಇನ್ನೂರೈವತ್ತಕ್ಕೂ ಮಿಕ್ಕಿ ಮೀನುಗಳು ಹೀಗೆ ಸಂದಿವೆ.

ಚಳಿಯ ಇನ್ನೊಂದು ಗುಣ ಇಲ್ಲಿ ಒದಗಿಬಂತು. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು, ಮೀನಿನ ಆಯಾಸ ಕಡಿಮೆ. ಬೇಸಿಗೆಯಲ್ಲಿ ಹಿಡಿದು ಸಾಗಿಸಿದರೆ ಬದುಕುವುದು ಕಷ್ಟ. ೨೦೧೮ರಿಂದ ಜನವರಿ ಒಂದರಿಂದ ಮಾರ್ಚ್ ಕೊನೆಯವರೆಗೆ ಮಾತ್ರ ಇಲಾಖೆ ಎರವಲು ಪಡೆಯುತ್ತಿದೆ. ಆದರೆ ಅಪಾಯವಿಲ್ಲದಿಲ್ಲ. ಮಾಗಿಯ ಮೀನು ಆಳದಲ್ಲಿರುತ್ತದೆ. ಅದನ್ನು ಥಟ್ಟನೆ ಮೇಲಕ್ಕೆಳೆದರೆ ಒಡಲಿನ ಗಾಳಿಚೀಲವು ಒತ್ತಡ ತಗ್ಗಿ ಉಬ್ಬಿಕೊಳ್ಳುತ್ತದೆ; ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ, ಮರಳಿ ಮುಳುಗಲಾರದು. ಪಳಗಿದವರು ಟೊಳ್ಳು ಸೂಜಿಯಿಂದ ಆ ಗಾಳಿಯನ್ನು ಹೊರಬಿಡುತ್ತಾರೆ. ಸೂಜಿ ತುಸು ತಪ್ಪಿದರೂ ಜೀವಕ್ಕೆ ಸಂಚಕಾರ. ಭಾರವಾದ ಮೀನನ್ನು ಕೆಳದವಡೆಯಿಂದ ತೂಗುಹಾಕಿ ಚಿತ್ರ ತೆಗೆಸಿಕೊಳ್ಳುವುದೂ ತರವಲ್ಲ. ಒಂದು ಕೈ ಹೊಟ್ಟೆಯ ಕೆಳಗಿರಬೇಕು. ಮೊದಲೇ ನೋಯಿಸಿ ಆಮೇಲೆ ಇಷ್ಟೆಲ್ಲ ಆರೈಕೆ ಮಾಡುವುದೇಕೆ, ಹಿಡಿಯದೆಯೇ ಇರಬಹುದಿತ್ತಲ್ಲ, ಎಂದು ನನ್ನ ಮನೆಯಾಕೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಗಾಳ ಹಾಕುವವರ ಕಾಣಿಕೆಯಿಲ್ಲದೆ ಆ ಕೆರೆಗಳಿಗೆ ಅಂಥ ತಾಯಂದಿರ ಸಂತತಿ ಸೇರುತ್ತಿರಲಿಲ್ಲ ಎಂಬುದೂ ಸುಳ್ಳಲ್ಲ.

ಎರವಲು ಕೊಟ್ಟವನಿಗೆ ತನ್ನ ಮೀನಿನ ಅಳತೆಗೆ ತಕ್ಕ ಫೈಬರ್‌ಗ್ಲಾಸಿನ ಪ್ರತಿಕೃತಿ ಸಿಗುತ್ತದೆ. ಗೋಡೆಗೆ ಅದು ಸಾಕು. ಮರಿಮಾಡುವ ಕಾರ್ಯ ಮುಗಿದ ಮೇಲೆ ಮೀನನ್ನು ಹಿಡಿದ ಕೆರೆಗೇ ಮರಳಿ ಬಿಡುತ್ತಾರೆ. ಹಾಗೆ ಮರಳಿದ ಕೆಲವು ಮೀನುಗಳು, ಒಂದೆರಡು ಚಳಿಗಾಲ ಕಳೆದ ಮೇಲೆ, ಬೇರೊಬ್ಬನ ಗಾಳಕ್ಕೆ ಎರಡನೆಯ ಬಾರಿ ಸಿಕ್ಕಿ ಮತ್ತೆ ಎರವಲಾಗಿ ಬಂದದ್ದುಂಟು.