ಕೊಬ್ಬರಿ ಕೈಗೆ ಜೆಲ್ ಬಣ್ಣ ನಿಂತೀತೇ?

ತಿಪಟೂರು: ಕಾಯಿ ಸುಲಿದು, ಕೊಬ್ಬರಿ ಆರಿಸಿ, ತುರಿಮಣೆ ಮೇಲೆ ಕೂತು ಸವೆದ ಕೈಗಳ ಸೀಮೆ ಇದು. ಇಂಥ ಸೀಮೆಗೂ ಜೆಲ್ ಮ್ಯಾನಿಕ್ಯೂರ್ ಬಂದಿದೆ. ಲಗ್ನದ ದಿನಗಳು ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗಿಯರು ಬ್ಯೂಟಿ ಪಾರ್ಲರಿನಲ್ಲಿ ಬೆರಳುಗಳನ್ನು ನೀಲಿ ದೀಪದ ಪೆಟ್ಟಿಗೆಯೊಳಗೆ ತೂರಿಸಿ ಕೂರುತ್ತಾರೆ. ಇದೇನು ಕಾಲವಪ್ಪಾ ಅಂತ ಮೂಗಿನ ಮೇಲೆ ಬೆರಳಿಡುವ ಅಜ್ಜಿಯರೂ ಉಂಟು. ಆ ಅಜ್ಜಿಯ ಬೆರಳ ತುದಿಯಲ್ಲೇ ಆಷಾಢದ ಗೋರಂಟಿ ಕೆಂಪು ಇನ್ನೂ ಮಾಸಿರುವುದಿಲ್ಲ, ಆ ಮಾತು ಬೇರೆ!

ತಕರಾರು ಬಣ್ಣದ್ದಲ್ಲ, ಬಾಳಿಕೆಯದು. ನೂರಾರು ರೂಪಾಯಿ ತೆತ್ತು ಹಾಕಿಸಿದ ಜೆಲ್ ಎರಡು ವಾರವಾದರೂ ನಿಲ್ಲಬೇಕು. ನಾಲ್ಕೇ ದಿನಕ್ಕೆ ಮೂಲೆ ಎದ್ದು ಬಂದರೆ ಪಾರ್ಲರಿನವರ ಮೇಲೆ ಸಿಟ್ಟು. ಮನೇಲಿ ಪಾತ್ರೆ ತಿಕ್ಕಿದ್ದಕ್ಕೇ ಹೀಗಾಯ್ತು ಅಂತ ಅವರ ವಾದ. ಇಬ್ಬರದ್ದೂ ಅರ್ಧರ್ಧ ನಿಜ.

ಗೋರಂಟಿ ಉಗುರಿನೊಳಕ್ಕೆ ಇಳಿಯುವ ಬಣ್ಣ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತೆ, ಬಣ್ಣವೂ ಅದರ ಜೊತೆಗೇ ಮುಂದೆ ಸಾಗುತ್ತೆ. ಕಳಚುವ ಪ್ರಶ್ನೆಯೇ ಇಲ್ಲ. ಶೀಶೆಯ ಮಾಮೂಲಿ ನೇಲ್ ಪಾಲಿಶ್ ಗಾಳಿಗೆ ಒಣಗುವಂಥದ್ದು. ಜೆಲ್ ಹಾಗಲ್ಲ. ದೀಪದ ಅಲ್ಟ್ರಾವಯೊಲೆಟ್ ಬೆಳಕು ಬಿದ್ದರೆ ಮಾತ್ರ ಅದರಲ್ಲಿರುವ ಅಕ್ರಿಲೇಟ್ ಎಂಬ ರಾಸಾಯನಿಕ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಪ್ಲಾಸ್ಟಿಕ್ ಹಾಳೆಯಂತೆ ಗಟ್ಟಿಯಾಗುತ್ತೆ. ಅಮೆರಿಕದ ಸಿ.ಎನ್.ಡಿ. ಕಂಪನಿ 2010ರಲ್ಲಿ 'ಶೆಲ್ಯಾಕ್' ಹೆಸರಿನ ಜೆಲ್ ಪಾಲಿಶ್ ತಂದ ಮೇಲೆ ಈ ಷೋಕಿ ಎಲ್ಲೆಡೆ ಹಬ್ಬಿತು. ಹಾಳೆ ಉಗುರಿಗೆ ಕಚ್ಚಿಕೊಂಡಿರಬೇಕು, ಅಷ್ಟೇ ಇದರ ಗುಟ್ಟು. ಕಚ್ಚಲು ಬಿಡದ್ದು ಯಾವುದು? ಈ ಸೀಮೆಯ ಅನ್ನದಾತ ಎಣ್ಣೆ!

ಮೊದಲು ವೈರಿ, ಆಮೇಲೆ ನೆಂಟ

ಅಟ್ಟದ ಮೇಲೆ ಹತ್ತು-ಹನ್ನೆರಡು ತಿಂಗಳು ಒಣಗಿ, ಅಲ್ಲಾಡಿಸಿದರೆ ಗಡಗಡ ಅನ್ನುವ ಕಾಯಿ ಒಡೆದು ಉಂಡೆ ಕೊಬ್ಬರಿ ತೆಗೆದ ಕೈಯ ಜಿಡ್ಡು ಒಂದು ಸಲ ಸೋಪು ಹಾಕಿದ ಮಾತ್ರಕ್ಕೆ ಹೋಗುವುದಿಲ್ಲ. ಪಾರ್ಲರಿಗೆ ಹೋಗುವ ದಿನ ಕೊಬ್ಬರಿ ಮುಟ್ಟುವುದೂ ಬೇಡ, ತಲೆಗೆ ಎಣ್ಣೆ ಒತ್ತುವುದೂ ಬೇಡ. ಬಣ್ಣಕ್ಕೆ ಮುಂಚೆ ಒಂದೊಂದು ಉಗುರನ್ನೂ ಸ್ಪಿರಿಟ್‌ನಿಂದ ಒರೆಸಿದರಾ? ಉಗುರಿನ ತುದಿಯ ಅಂಚಿಗೂ ಬ್ರಷ್ ಎಳೆದರಾ? ಕಣ್ಣಿಟ್ಟು ನೋಡಿ, ಕೇಳಿ. ದುಡ್ಡು ಕೊಡುವವರು ಸಂಕೋಚ ಪಡಬಾರದು. ಅಂಚು ಬಿಟ್ಟರೆ ನೀರು ನುಗ್ಗುವುದು ಅಲ್ಲಿಂದಲೇ.

ಮದುಮಗಳಿಗೆ ಇನ್ನೊಂದು ಪೇಚು, ಎಣ್ಣೆ-ಅರಿಶಿನದ ಶಾಸ್ತ್ರ. ಮೊದಲೇ ತಿಳಿ ಬಣ್ಣದ ಜೆಲ್ ಹಾಕಿಸಿಕೊಂಡರೆ ಅರಿಶಿನ ಹತ್ತಿ ಹತ್ತೂ ಉಗುರು ಹಳದಿ! ಶಾಸ್ತ್ರ ಮುಗಿದು, ಕೈ ಚೆನ್ನಾಗಿ ತೊಳೆದ ಮೇಲೇ ಪಾರ್ಲರಿನ ದಾರಿ ಹಿಡಿಯುವುದು ಕ್ಷೇಮ.

ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಅದೇ ಎಣ್ಣೆ ನೆಂಟ. ರಾತ್ರಿ ಮಲಗುವಾಗ ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಉಗುರಿನ ಬುಡಕ್ಕೂ ಸುತ್ತಲ ಚರ್ಮಕ್ಕೂ ತಿಕ್ಕಿದರೆ ಚರ್ಮ ಬಿರಿಯದು. ಇದಕ್ಕೇ ಅಂತ ಪೇಟೆಯಲ್ಲಿ 'ಕ್ಯುಟಿಕಲ್ ಆಯಿಲ್' ಪುಟ್ಟ ಶೀಶೆ ಮಾರುತ್ತಾರೆ. ಮನೆಯಲ್ಲೇ ಗಾಣದ ಎಣ್ಣೆ ಇಟ್ಟುಕೊಂಡವರು ಅದಕ್ಕೆ ಯಾಕೆ ದುಡ್ಡು ಸುರಿಯಬೇಕೋ!

ನೀರಿನ ವಿಷಯ ಬೇರೆ. ಉಗುರು ನೀರು ಕುಡಿದು ಉಬ್ಬುತ್ತೆ, ಒಣಗಿ ಕುಗ್ಗುತ್ತೆ. ಮೇಲಿನ ಜೆಲ್ ಅದರಷ್ಟು ಹಿಗ್ಗದೆ, ಕುಗ್ಗದೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತೆ. ಪಾತ್ರೆ, ಬಟ್ಟೆಗೆ ಕೈ ಹಾಕುವಾಗ ರಬ್ಬರ್ ಗ್ಲೌಸ್ ಇರಲಿ. ಉಗುರನ್ನು ಉಳಿ ಮಾಡಿಕೊಳ್ಳುವ ಚಾಳಿಯೂ ಬಿಡಬೇಕು. ಕಾಯಿಯ ಜುಟ್ಟು ಕೀಳುವುದು, ಹುಣಸೆ ಬೀಜ ಬಿಡಿಸುವುದು, ಡಬ್ಬದ ಮುಚ್ಚಳ ಎಬ್ಬಿಸುವುದು ಎಲ್ಲಕ್ಕೂ ಉಗುರೇ ಬೇಕೇ? ಅವರೆಕಾಯಿ ಕಾಲದಲ್ಲಿ ಹಿದುಕುಬೇಳೆ ಆಸೆಯಿದ್ದವರು ಆ ಎರಡು ವಾರ ಹಿದುಕುವ ಕೆಲಸವನ್ನು ಗಂಡನಿಗೆ ವಹಿಸಬಹುದು!

ಕಿತ್ತರೆ ಕೇಡು

ಅಸಲಿ ನಷ್ಟ ಆಗುವುದು ತೆಗೆಯುವಾಗ. ಬಸ್ಸಿನಲ್ಲಿ ಕೂತು ಹೊತ್ತು ಹೋಗದೆ ಎದ್ದ ಮೂಲೆಯನ್ನು ಕೆರೆದು ಕೆರೆದು ಕಿತ್ತರೆ ಜೆಲ್ ಒಂದೇ ಬರುವುದಿಲ್ಲ. ಉಗುರಿನ ಮೇಲ್ಪದರವೂ ಕಿತ್ತುಬರುತ್ತೆ. ಉಗುರು ಕಾಗದದಷ್ಟು ತೆಳ್ಳಗಾಗಿ, ಬಿಸಿ ಲೋಟ ಹಿಡಿದರೂ ಚುರ್ ಅನ್ನುತ್ತೆ. ಪೂರ್ತಿ ಹೊಸ ಉಗುರು ಬರಲು ಸುಮಾರು ಆರು ತಿಂಗಳು ಬೇಕು. ಎದ್ದ ಜೆಲ್ಲಿನಡಿ ನೀರು ನಿಂತರೆ ಸೋಂಕು ತಗುಲಿ ಉಗುರು ಹಸಿರಾಗುವುದೂ ಉಂಟು.

ತೆಗೆಯುವ ಕ್ರಮ ಹೀಗೆ. ಮೇಲಿನ ಹೊಳಪನ್ನು ಅರದಿಂದ ಮೆಲ್ಲಗೆ ಉಜ್ಜಿ, ಅಸಿಟೋನಿನಲ್ಲಿ ಅದ್ದಿದ ಹತ್ತಿ ಇಟ್ಟು, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ 10ರಿಂದ 15 ನಿಮಿಷ ಬಿಡಬೇಕು. ಮೆತ್ತಗಾದ ಜೆಲ್ಲನ್ನು ಮರದ ಕಡ್ಡಿಯಿಂದ ಜಾರಿಸಬೇಕು. ಬಾರದಿದ್ದರೆ ಇನ್ನೊಂದು ಐದು ನಿಮಿಷ ಸುತ್ತಿ, ಬಲ ಹಾಕಬೇಡಿ. ಅಸಿಟೋನ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಒಲೆ, ದೇವರ ದೀಪದ ಹತ್ತಿರ ಬೇಡವೇ ಬೇಡ.

ಫ್ಯಾನ್ಸಿ ಸ್ಟೋರಿನವರೂ ಕೇಳಬೇಕು

ಮನೆಯಲ್ಲೇ ಹಾಕಿಕೊಳ್ಳುವ ಕಿಟ್ಟು, ಅಂಗೈಯಗಲದ ದೀಪ ಮಾರುವವರಿಗೆ ಒಂದು ಮಾತು. ಒಂದು ಕಂಪನಿಯ ದೀಪ, ಇನ್ನೊಂದರ ಜೆಲ್ ಎಂದರೆ ಮೇಲೆ ಗಟ್ಟಿ, ಒಳಗೆ ಹಸಿ ಉಳಿಯಬಹುದು. ಹಸಿ ಜೆಲ್ ಚರ್ಮಕ್ಕೆ ತಾಗುತ್ತಿದ್ದರೆ ಅಲರ್ಜಿಗೆ ದಾರಿ. ಈ ಬಗ್ಗೆ ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲೇ ಎಚ್ಚರಿಸಿತು. ಅಲ್ಲಿ ಪರೀಕ್ಷಿಸಿದ ರೋಗಿಗಳಲ್ಲಿ ಶೇ. 2.4 ಮಂದಿಗೆ ಈ ಜಾತಿಯ ರಾಸಾಯನಿಕದ ಅಲರ್ಜಿ ಕಂಡಿತ್ತು. ಒಮ್ಮೆ ಹಿಡಿದ ಅಲರ್ಜಿ ಸಾಮಾನ್ಯವಾಗಿ ಬಿಟ್ಟು ಹೋಗದು. ಹಲ್ಲಿನ ಕುಳಿ ತುಂಬುವ ಸಾಮಗ್ರಿಯಲ್ಲೂ ಇದೇ ಜಾತಿಯದ್ದು ಇರುವುದರಿಂದ ನಾಳೆ ಹಲ್ಲಿನ ಡಾಕ್ಟರ ಹತ್ತಿರವೂ ತಾಪತ್ರಯ. ಬೆರಳು ಕೆಂಪಾಗಿ ಕಡಿತ ಶುರುವಾದರೆ ಬಣ್ಣ ಬದಲಿಸಿ ನೋಡುವುದಲ್ಲ, ಬಿಟ್ಟುಬಿಡಬೇಕು.

ಕೆಲವು ಜೆಲ್ಲುಗಳಲ್ಲಿರುವ ಟಿ.ಪಿ.ಒ. ಎಂಬ ವಸ್ತುವನ್ನು ಯುರೋಪಿನ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದೆ. ಸಂತಾನಶಕ್ತಿಗೆ ಕೆಡುಕೆಂಬ ಶಂಕೆಯೇ ಕಾರಣ. ಸರಕು ತರಿಸುವ ಮುಂಚೆ ಶೀಶೆಯ ಚೀಟಿ ಓದಿ. ಇನ್ನೊಂದು: ಜೆಲ್ ಶೀಶೆಗಳನ್ನು ಬಿಸಿಲು ಬೀಳುವ ಷೋಕೇಸಿನಲ್ಲಿ ಜೋಡಿಸಬೇಡಿ. ಬೆಳಕು ತಗುಲಿದರೆ ಮಾಲು ಅಲ್ಲೇ ಗಟ್ಟಿ, ಬಂಡವಾಳ ನೀರುಪಾಲು.

ಸೀಮಂತಕ್ಕೆಂದು ಜೆಲ್ ಹಾಕಿಸಿಕೊಳ್ಳುವವರು ಹೆರಿಗೆಯ ದಿನವನ್ನೂ ಲೆಕ್ಕ ಹಾಕಬೇಕು. ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಉಗುರಿನ ಮೂಲಕವೇ ಬೆಳಕು ಹಾಯಿಸುವ ಯಂತ್ರ. ಗಾಢ ಬಣ್ಣವಿದ್ದರೆ ಲೆಕ್ಕ ತಪ್ಪಬಹುದು. ಆಪರೇಷನ್‌ಗೆ ಮುಂಚೆ ನರ್ಸುಗಳು ಉಗುರುಬಣ್ಣ ತೆಗೆಸುವುದು ಇದಕ್ಕೇ. ಮಾಮೂಲಿ ಪಾಲಿಶ್ ಎರಡು ನಿಮಿಷದಲ್ಲಿ ಹೋದೀತು, ಜೆಲ್ ಹೋಗದು. ದಿನ ಹತ್ತಿರವಾದವರು ಆಸ್ಪತ್ರೆಯ ಚೀಲ ಕಟ್ಟುವ ಮುಂಚೆಯೇ ಪಾರ್ಲರಿಗೆ ಹೋಗಿ ತೆಗೆಸಿಕೊಂಡು ಬರುವುದು ಒಳ್ಳೆಯದು.